ಪರದೇಶಕ್ಕೆ ಹೊರಟವರ ಗಂಟು: ಋತುವಿಗೆ ತಕ್ಕ ಸಿದ್ಧತೆ

ಈಚಿನ ವರ್ಷಗಳಲ್ಲಿ ನಮ್ಮ ಮನೆಗೆ ಬರುವ ಸದ್ಭಕ್ತರು ವಚನವೊಂದರ ಅರ್ಥವನ್ನೋ, ಮನೆಯ ಶುಭಕಾರ್ಯದ ವಿಚಾರವನ್ನೋ ಮಾತನಾಡಿ ಮುಗಿಸಿದ ಮೇಲೆ, ಹೊಸ್ತಿಲು ದಾಟುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳಿಯೇ ಹೋಗುತ್ತಾರೆ: "ಶಾಸ್ತ್ರಿಗಳ, ಬರೋ ತಿಂಗಳ ಮಗನ ಕಡೆ ಅಮೆರಿಕಾಕ್ಕ ಹೊಂಟೇವ್ರಿ. ಏನೇನು ಕಟಗೊಂಡು ಹೋಗಬೇಕ್ರಿ?"

ಒಂದು ಕಾಲದಲ್ಲಿ ಪರದೇಶ ಪ್ರಯಾಣವೆಂದರೆ ಉನ್ನತ ವ್ಯಾಸಂಗಕ್ಕೆ ಹೋಗುವ ತರುಣರ ಮಾತಾಗಿತ್ತು. ಇಂದು ಮಗಳ ಬಾಣಂತನಕ್ಕೆ, ಮೊಮ್ಮಕ್ಕಳ ಆರೈಕೆಗೆ, ಮಗನ ಹೊಸ ಮನೆಯ ಪ್ರವೇಶಕ್ಕೆ ಎಂದು ಅರವತ್ತು ಎಪ್ಪತ್ತು ದಾಟಿದ ತಂದೆತಾಯಿಗಳು ವಿಮಾನ ಏರುತ್ತಿದ್ದಾರೆ. ಪಾಸ್‌ಪೋರ್ಟು, ವೀಸಾ, ಟಿಕೆಟ್ಟುಗಳ ಹೊಣೆಯನ್ನು ಮಕ್ಕಳು ಹೊತ್ತಿರುತ್ತಾರೆ. ಗಂಟು ಕಟ್ಟುವ ಕೆಲಸ ಮಾತ್ರ ಹಿರಿಯರಿಗೆ ಉಳಿದಿರುತ್ತದೆ. ಆ ಗಂಟಿನಲ್ಲಿಯೇ ತಪ್ಪುಗಳು ನುಸುಳುತ್ತವೆ. ನಮ್ಮ ಗಂಟಿನಲ್ಲಿಯೂ ನುಸುಳಿದವು. ಆ ಅನುಭವವನ್ನು ಮುಚ್ಚಿಡದೆ ಹೇಳಿದರೆ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂಬ ಭಾವನೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೊರುವವನೇ ಕಟ್ಟಬೇಕು

ಬಾಲ್ಯದಲ್ಲಿ ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಜಾತ್ರೆಗಳಿಗೂ ಪುರಾಣ ಪ್ರವಚನಗಳಿಗೂ ಊರಿಂದೂರಿಗೆ ಹೋಗಬೇಕಾಗುತ್ತಿತ್ತು. ಹೊರಡುವ ಹಿಂದಿನ ರಾತ್ರಿ ಹಿರಿಯರೊಬ್ಬರು ನಮ್ಮೆಲ್ಲರ ಜೋಳಿಗೆಗಳನ್ನು ಎತ್ತಿ ನೋಡುತ್ತಿದ್ದರು. ಒಂದು ಧೋತರ, ಒಂದು ಅಂಗವಸ್ತ್ರ, ವಿಭೂತಿ, ಓದುವ ಒಂದು ಪುಸ್ತಕ. ಇಷ್ಟಕ್ಕಿಂತ ಹೆಚ್ಚಿದ್ದರೆ ತೆಗೆಸುತ್ತಿದ್ದರು. "ಹೊರುವವನೇ ಕಟ್ಟಬೇಕು, ಕಟ್ಟಿದವನೇ ಹೊರಬೇಕು" ಎನ್ನುವುದು ಅವರ ಮಾತು.

2019ರ ಜನವರಿಯಲ್ಲಿ ಷಿಕಾಗೋ ನಗರದ ಬಳಿ ಇರುವ ಮಗಳ ಮನೆಗೆ ಮೊದಲ ಸಲ ಹೊರಟಾಗ ಆ ಮಾತನ್ನು ನಾವು ಪೂರ್ತಿಯಾಗಿ ಮರೆತಿದ್ದೆವು. ಮಗಳಿಗೆ ಒಂಬತ್ತನೆಯ ತಿಂಗಳು. ತಲಾ 23 ಕಿಲೋದ 2 ಪೆಟ್ಟಿಗೆಗಳನ್ನು ಒಯ್ಯಲು ಟಿಕೆಟ್ಟಿನಲ್ಲಿ ಅವಕಾಶವಿತ್ತು. ಇಬ್ಬರಿಗೆ 4 ಪೆಟ್ಟಿಗೆ, ಒಟ್ಟು 92 ಕಿಲೋ. ಅವಕಾಶವಿದೆಯೆಂದ ಮೇಲೆ ತುಂಬದೆ ಬಿಡುವುದುಂಟೆ? ಬಂಧುಗಳು, ನೆರೆಹೊರೆಯವರು, ಬೀಗರು ಎಲ್ಲರೂ ಸೇರಿ ತುಂಬಿದರು. ಬೇಳೆ, ಮೆಂತ್ಯ, ಸಾಂಬಾರ ಪುಡಿ, ಸ್ಟೀಲಿನ ಡಬ್ಬಿಗಳು, ಮಗುವಿಗೆ ಕುಲಾವಿ, ದುಪ್ಪಟಿ. ಕೈಚೀಲ ಭಾರವಾಯಿತೆಂದು ನಮ್ಮ ಮನೆಯವರ ರಕ್ತದೊತ್ತಡ ಮತ್ತು ಸಕ್ಕರೆ ರೋಗದ ಮಾತ್ರೆಗಳನ್ನು, ಉಣ್ಣೆಯ ಬಟ್ಟೆಗಳೊಡನೆ ನಾಲ್ಕನೆಯ ಪೆಟ್ಟಿಗೆಗೆ ಸೇರಿಸಿದೆವು.

ಜನವರಿ 26ರಂದು ನಾವು ಇಳಿದೆವು. 3 ಪೆಟ್ಟಿಗೆಗಳು ಬಂದವು, ನಾಲ್ಕನೆಯದು ಬರಲಿಲ್ಲ. ನಾಳೆ ಮನೆಗೇ ತಲುಪಿಸುತ್ತೇವೆಂದು ವಿಮಾನ ಸಂಸ್ಥೆಯವರು ಹೇಳಿದರು. ಆ ನಾಳೆ ಬರಲು 6 ದಿನ ಹಿಡಿಯಿತು. ಅದೇ ವಾರ ಉತ್ತರ ಧ್ರುವದ ಕಡೆಯ ಶೀತಗಾಳಿ ಆ ಪ್ರಾಂತದ ಮೇಲೆ ಇಳಿದಿತ್ತು. ಜನವರಿ 30ರಂದು ಷಿಕಾಗೋ ವಿಮಾನ ನಿಲ್ದಾಣದಲ್ಲಿ ತಾಪಮಾನ ಸೊನ್ನೆಯ ಕೆಳಗೆ 30 ಡಿಗ್ರಿ ಸೆಲ್ಸಿಯಸ್ ದಾಟಿತು. ಶಾಲೆಗಳನ್ನು ಮುಚ್ಚಿದ್ದರು. ಅಂಚೆಯ ವಿತರಣೆಯೂ ನಿಂತಿತ್ತು.

ಮಾತ್ರೆ ತಪ್ಪಿದ ಮೂರನೆಯ ದಿನ ನಮ್ಮ ಮನೆಯವರಿಗೆ ತಲೆ ಸುತ್ತತೊಡಗಿತು. ಆ ದೇಶದಲ್ಲಿ ವೈದ್ಯರ ಚೀಟಿಯಿಲ್ಲದೆ ಇಂಥ ಔಷಧಿ ಕೊಡುವುದಿಲ್ಲ. ಚೀಟಿಯೂ ಆ ಪೆಟ್ಟಿಗೆಯಲ್ಲಿಯೇ ಇತ್ತು. ಅಳಿಯಂದಿರು ಕೆಲಸದ ಮೇಲೆ ಪರಸ್ಥಳದಲ್ಲಿದ್ದರು. ಜನವರಿ 29ರ ಬೆಳಗ್ಗೆ, ತುಂಬು ಗರ್ಭಿಣಿಯಾದ ಮಗಳು ತಾಯಿಗೆ ತನ್ನ ಕೋಟು ಹೊದಿಸಿ, ಕಾಲುಚೀಲದ ಮೇಲೆ ಚಪ್ಪಲಿ ಹಾಕಿಕೊಂಡಿದ್ದ ಆಕೆಯ ಕೈಹಿಡಿದು, ಹೆಪ್ಪುಗಟ್ಟಿದ ಹಿಮದ ಮೇಲೆ ಹೆಜ್ಜೆಹೆಜ್ಜೆಯಾಗಿ ನಡೆಸಿ ಕಾರಿನವರೆಗೆ ಒಯ್ದಳು. ಬಾಗಿಲಲ್ಲಿ ನಿಂತು ನಾವು ಅದನ್ನು ನೋಡಿದೆವು. ಬಾಣಂತನ ಮಾಡಲೆಂದು ಬಂದ ತಾಯಿಯ ಸೇವೆಯನ್ನು ಬಸುರಿಯೇ ಮಾಡಬೇಕಾಯಿತಲ್ಲಾ ಎಂಬ ಆ ದಿನದ ಸಂಕಟ ಇಂದಿಗೂ ನಮ್ಮ ಮನಸ್ಸಿನಿಂದ ಮಾಸಿಲ್ಲ.

ದೇವರ ದಯೆಯಿಂದ ಯಾರೂ ಜಾರಿ ಬೀಳಲಿಲ್ಲ. ಔಷಧಿ ದೊರೆಯಿತು. ಫೆಬ್ರುವರಿ ಎರಡನೆಯ ವಾರದಲ್ಲಿ ಮೊಮ್ಮಗಳು ಹುಟ್ಟಿದಳು. ಪೆಟ್ಟಿಗೆಯೂ ಬಂದಿತು. ತೆರೆದು ನೋಡಿದರೆ, ಅದರಲ್ಲಿದ್ದ ಬೇಳೆ, ಮೆಂತ್ಯ, ಪುಡಿಗಳೆಲ್ಲವೂ ಮಗಳ ಮನೆಯ ಹತ್ತಿರದ ಭಾರತೀಯ ಅಂಗಡಿಯಲ್ಲಿ ಸಿಗುವಂಥವೇ! ಅಲ್ಲಿ ಸಿಗದ ಸಾಮಾನು ಒಂದೇ ಆಗಿತ್ತು: ಆರೋಗ್ಯದಿಂದಿರುವ ತಾಯಿ. ಅದನ್ನೇ ನಾವು ಜೋಕೆಯಿಂದ ಒಯ್ದಿರಲಿಲ್ಲ.

ಮೊದಲು ತಿಳಿಯಬೇಕಾದುದು ಅಲ್ಲಿಯ ಋತು

ನಮ್ಮ ಪಂಚಾಂಗಕ್ಕೆ ಆರು ಋತುಗಳು. ಮನೆಯ ಬಟ್ಟೆಗಳಿಗಾದರೋ ಬೇಸಿಗೆ, ಮಳೆಗಾಲ, ಚಳಿಗಾಲವೆಂಬ ಮೂರೇ ಕಾಲಗಳು. ಅಮೆರಿಕ, ಕೆನಡಾ, ಯುರೋಪುಗಳಲ್ಲಿ ನಾಲ್ಕು: ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಚಳಿಗಾಲ, ಮಾರ್ಚಿನಿಂದ ಮೇವರೆಗೆ ವಸಂತ, ಜೂನಿನಿಂದ ಆಗಸ್ಟಿನವರೆಗೆ ಬೇಸಿಗೆ, ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಎಲೆಯುದುರುವ ಕಾಲ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಇದು ತಿರುವುಮುರುವು. ನಾವು ಸಂಕ್ರಮಣದ ಎಳ್ಳು ಬೀರುವಾಗ ಅವರಿಗೆ ಕಡುಬೇಸಿಗೆ. ಇಲ್ಲಿ ಕಾರಹುಣ್ಣಿಮೆಯ ಹೊತ್ತಿಗೆ ಮೆಲ್ಬರ್ನಿನಲ್ಲಿ ಮುಂಜಾವಿನ ಕೊರೆಯುವ ಚಳಿ.

ದೇಶದ ಹೆಸರು ತಿಳಿದರೆ ಸಾಲದು, ಊರಿನ ಹೆಸರೂ ಬೇಕು. ಅಮೆರಿಕವೆಂಬುದು ಒಂದೇ ಹವೆಯ ನಾಡಲ್ಲ. ಜನವರಿಯಲ್ಲಿ ಷಿಕಾಗೋದಲ್ಲಿ ಹಿಮ ಬೀಳುತ್ತಿರುವಾಗ ಫ್ಲಾರಿಡಾದ ದಕ್ಷಿಣದಲ್ಲಿ ಜನ ತೆಳುವಾದ ಅಂಗಿಯಲ್ಲಿ ಓಡಾಡುತ್ತಾರೆ.

ಮಕ್ಕಳು ಫೋನಿನಲ್ಲಿ ಹೇಳುವ ಅಂಕಿಯಲ್ಲಿಯೂ ಎಚ್ಚರ ಬೇಕು. ಅಮೆರಿಕದವರು ತಾಪವನ್ನು ಫ್ಯಾರನ್‌ಹೀಟಿನಲ್ಲಿ ಎಣಿಸುತ್ತಾರೆ. "ಇಲ್ಲಿ ಈಗ 50 ಡಿಗ್ರಿ" ಎಂದು ಮಗ ಹೇಳಿದರೆ ಕಲಬುರ್ಗಿಯ ಬಿಸಿಲಿಗಿಂತ ಮಿಗಿಲೆಂದು ಗಾಬರಿಯಾಗಬೇಡಿರಿ. ಅದು ನಮ್ಮ ಲೆಕ್ಕದಲ್ಲಿ 10 ಡಿಗ್ರಿ, ಸ್ವೆಟರು ಬೇಕಾಗುವ ಚಳಿ. 32 ಎಂದರೆ ನೀರು ಹೆಪ್ಪುಗಟ್ಟುವ ಸೊನ್ನೆ. 70 ಎಂದರೆ ಹಿತವಾದ 21. 90 ಎಂದರೆ ನಮ್ಮ 32. ಈ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಇನ್ನೊಂದು ಸಂಗತಿ. ಅಮೆರಿಕಕ್ಕೆ ಸಂದರ್ಶಕರಾಗಿ ಹೋಗುವ ತಂದೆತಾಯಿಗಳು ಹಲವರು ಐದಾರು ತಿಂಗಳು ಇದ್ದು ಬರುತ್ತಾರೆ. ಹಾಗೆ ಇರುವವರು ಎರಡು ಋತುಗಳಿಗೆ, ಕೆಲವೊಮ್ಮೆ ಮೂರು ಋತುಗಳಿಗೆ ಬಟ್ಟೆ ಕಟ್ಟಬೇಕು. ಪ್ರಯಾಣದ ಕಾಲ ನಮ್ಮ ಕೈಯಲ್ಲಿಯೇ ಇದ್ದರೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರಿನವರೆಗಿನ ಅವಧಿ ಹಿರಿಯರಿಗೆ ಉತ್ತಮ. ಹೆರಿಗೆಯ ದಿನವನ್ನಾದರೋ ನಾವು ಆರಿಸುವಂತಿಲ್ಲ. ಚಳಿಗಾಲಕ್ಕೆ ಬಂದರೆ ಚಳಿಗಾಲಕ್ಕೆ ಸಿದ್ಧರಾಗಬೇಕು.

ಚಳಿಗಾಲಕ್ಕೆ

ಧಾರವಾಡದಲ್ಲಿ ತಾಪಮಾನ 14 ಡಿಗ್ರಿಗೆ ಇಳಿದರೆ ನಾವು ಶಾಲು ಹೊದೆಯುತ್ತೇವೆ. ಹಿಮದ ನಾಡಿನ ಚಳಿಗೆ ಎಷ್ಟು ದಪ್ಪನೆಯ ಶಾಲಾದರೂ ಒಂದೇ ಸಾಲದು. ಅಲ್ಲಿಯ ರೀತಿ ಪದರ ಪದರವಾಗಿ ಉಡುವುದು. ಮೈಗೆ ಅಂಟಿ ಕೂಡುವ ಥರ್ಮಲ್ ಒಳಉಡುಪು ಮೊದಲನೆಯದು. ಅದರ ಮೇಲೆ ಉಣ್ಣೆಯ ಸ್ವೆಟರು. ಎಲ್ಲಕ್ಕೂ ಮೇಲೆ ಗಾಳಿಯನ್ನೂ ನೀರನ್ನೂ ತಡೆಯುವ ಕೋಟು. ಪದರಗಳ ನಡುವೆ ನಿಂತ ಗಾಳಿಯೇ ಮೈಯ ಬಿಸಿಯನ್ನು ಹೊರಗೆ ಬಿಡದಂತೆ ಕಾಯುತ್ತದೆ. ಮನೆಯೊಳಗೆ ಬಂದೊಡನೆ ಒಂದೊಂದಾಗಿ ತೆಗೆಯಬಹುದು. ಬರಿಯ ಹತ್ತಿಯ ಬಟ್ಟೆ ಬೆವರನ್ನು ಹೀರಿ ಒದ್ದೆಯಾಗಿ ಮೈಯನ್ನು ತಣ್ಣಗೆ ಮಾಡುತ್ತದೆ. ಉಣ್ಣೆ ಹಾಗಲ್ಲ. ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯುವ ನಮ್ಮ ಹಳ್ಳಿಯವರಿಗೆ ಈ ಗುಣ ಮೊದಲಿನಿಂದ ತಿಳಿದದ್ದೇ.

ಇವುಗಳಲ್ಲಿ ಥರ್ಮಲ್ ಉಡುಪು ತಲಾ 3 ಜೊತೆ, ಸ್ವೆಟರು 2, ಉಣ್ಣೆಯ ಕಾಲುಚೀಲ 4 ಜೊತೆ, ಕಿವಿ ಮುಚ್ಚುವ ಟೋಪಿ, ಕೈಗವಸು, ಕುತ್ತಿಗೆಯ ಮಫ್ಲರ್ ಇಷ್ಟನ್ನು ಇಲ್ಲಿಯೇ ಕೊಳ್ಳಬಹುದು. ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಟಿಬೆಟಿಯನ್ನರು ಮಾರುವ ಸ್ವೆಟರುಗಳು ಒಳಪದರಕ್ಕೆ ಸಾಕು. ಹಿಮದ ಕೋಟನ್ನೂ, ಹಿಮದಲ್ಲಿ ಜಾರದ ಬೂಟುಗಳನ್ನೂ ಇಲ್ಲಿ ಕೊಳ್ಳದಿರುವುದು ಲೇಸು. ಅಲ್ಲಿಯ ಹವೆಗೆ ತಕ್ಕವು ಅಲ್ಲಿಯೇ ದೊರೆಯುತ್ತವೆ. ಮಕ್ಕಳ ಬಳಿ ಹಳೆಯ ಕೋಟು ಇರುವುದೂ ಉಂಟು. ವಿಮಾನ ನಿಲ್ದಾಣಕ್ಕೆ ಕೋಟನ್ನು ತರಲು ಅವರಿಗೆ ಮೊದಲೇ ಹೇಳಿರಬೇಕು. ಕಾಲಿಗೆ ಮಾತ್ರ ಇಲ್ಲಿಂದಲೇ ಮುಚ್ಚಿದ ಬೂಟು ಹಾಕಿಕೊಂಡು ಹೊರಡಬೇಕು. ಚಪ್ಪಲಿಯಲ್ಲಿ ಹೋಗಬಾರದೆಂಬ ಪಾಠವನ್ನು ನಾವು ಕಷ್ಟಪಟ್ಟು ಕಲಿತಿದ್ದೇವೆ.

ತಾಯಂದಿರು ಸೀರೆ ಬಿಡಬೇಕಾಗಿಲ್ಲ. ಸೀರೆಯೊಳಗೆ ಲಂಗದ ಬದಲು ಥರ್ಮಲ್ ಪಾಯಜಾಮ ಹಾಕಿ ಮೇಲೆ ಲಂಗ ಉಟ್ಟರಾಯಿತು. ಆದರೆ ಹಿಮದಲ್ಲಿ ನಡೆಯುವಾಗ ನೆರಿಗೆ ತೊಯ್ದು ಕಾಲಿಗೆ ಸುತ್ತಿಕೊಳ್ಳುತ್ತದೆ, ಆದುದರಿಂದ ಹೊರಗೆ ಹೋಗುವ ದಿನಕ್ಕೆಂದು 2 ಜೊತೆ ಚೂಡಿದಾರ ಇರಲಿ. ಮನೆಯೊಳಗೆ ಯಂತ್ರದ ಬಿಸಿಗಾಳಿ ಇರುವುದರಿಂದ ಧೋತರ, ನೂಲಿನ ಸೀರೆಗಳೇ ಸಾಕು. ಆ ಬಿಸಿಗಾಳಿ ಬಲು ಒಣಗಿದ್ದು. ತುಟಿ, ಹಿಮ್ಮಡಿಗಳು ಒಡೆಯುತ್ತವೆ. ಒಂದು ಡಬ್ಬಿ ವ್ಯಾಸಲೀನ್ ಅಗತ್ಯ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಬೇಕು.

ವಸಂತಕ್ಕೆ, ಎಲೆಯುದುರುವ ಕಾಲಕ್ಕೆ

ಇವೆರಡೂ ನೋಡಲು ಸುಂದರವಾದ ಕಾಲಗಳು, ನಂಬಲು ಯೋಗ್ಯವಾದವುಗಳಲ್ಲ. ಬೆಳಗ್ಗೆ ಸ್ವೆಟರು, ಮಧ್ಯಾಹ್ನ ಬರಿಯ ಅಂಗಿ, ಸಂಜೆಗೆ ಮತ್ತೆ ಮಫ್ಲರ್ ಬೇಕಾಗುತ್ತದೆ. ಷಿಕಾಗೋದಲ್ಲಿ ಏಪ್ರಿಲ್ ತಿಂಗಳಲ್ಲಿಯೂ ಹಿಮ ಬೀಳುವುದುಂಟು. ಒಂದು ಜೊತೆ ಥರ್ಮಲ್, ಒಂದು ಸ್ವೆಟರು, ಮಳೆ ತಡೆಯುವ ತೆಳುವಾದ ಜಾಕೀಟು, ಒಂದು ಗಟ್ಟಿ ಛತ್ರಿ ಈ ಕಾಲಕ್ಕೆ ಸಾಕು. ವಸಂತದಲ್ಲಿ ಮರಗಳ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಇಲ್ಲಿ ಧೂಳಿಗೆ ಸೀನು, ದಮ್ಮು ಬರುವ ಪ್ರಕೃತಿಯವರು ತಮ್ಮ ವೈದ್ಯರಿಂದ ಅದಕ್ಕೆ ಬೇಕಾದ ಔಷಧಿಯನ್ನು ಮೊದಲೇ ಬರೆಯಿಸಿಕೊಳ್ಳುವುದು ಲೇಸು.

ಇಂಗ್ಲೆಂಡಿಗೆ ಹೋಗುವವರಿಗೆ ಯಾವ ತಿಂಗಳಾದರೂ ಛತ್ರಿ ಬೇಕು. ಮತ್ತೊಂದು ವಿಶೇಷವೆಂದರೆ, ಲಂಡನ್ನಿನಲ್ಲಿ ಡಿಸೆಂಬರಿನಲ್ಲಿ ಸಂಜೆ 4 ಗಂಟೆಗೆ ಮುನ್ನವೇ ಹೊತ್ತು ಮುಳುಗುತ್ತದೆ, ಜೂನಿನಲ್ಲಿ ರಾತ್ರಿ 9 ಗಂಟೆಯ ಮೇಲೂ ಬಿಸಿಲಿರುತ್ತದೆ. ಬೆಳಕಿದ್ದರೆ ನಿದ್ರೆ ಬಾರದ ಹಿರಿಯರು ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಕಪ್ಪು ಪಟ್ಟಿಯನ್ನು ಇಟ್ಟುಕೊಳ್ಳಬೇಕು. ಸಂಜೆಯ ಪೂಜೆಗೆ ಸೂರ್ಯನನ್ನು ನೋಡದೆ ಗಡಿಯಾರವನ್ನು ನೋಡುವುದನ್ನು ನಾವೂ ರೂಢಿ ಮಾಡಿಕೊಳ್ಳಬೇಕಾಯಿತು.

ಬೇಸಿಗೆಗೆ

ಬೇಸಿಗೆಯ ಗಂಟು ಹಗುರವಾದುದು. ನೂಲಿನ ಬಟ್ಟೆ, ಟೋಪಿ, ನಡೆಯಲು ಹಿತವಾದ ಬೂಟು, ತಂಪು ಕನ್ನಡಕ. ಜೊತೆಗೆ ಒಂದು ತೆಳುಶಾಲು ತಪ್ಪದೆ ಇರಬೇಕು. ಬೇಸಿಗೆಗೆ ಶಾಲೇಕೆಂದು ನಗಬೇಡಿರಿ. ಅಂಗಡಿ, ಬಸ್ಸು, ಆಸ್ಪತ್ರೆಗಳಲ್ಲಿ ಯಂತ್ರದ ತಂಪು ಎಲುಬಿಗೆ ತಾಕುವಷ್ಟಿರುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿಯಂತೂ ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಒಳಗೆ ಮಾಗಿಯ ಚಳಿ. ದುಬೈ, ಅಬುಧಾಬಿಗಳಲ್ಲಿ ಮಕ್ಕಳಿರುವವರು ನವೆಂಬರಿನಿಂದ ಮಾರ್ಚಿನೊಳಗೆ ಹೋಗಿಬರುವುದು ಲೇಸು. ಸಿಂಗಾಪುರ ಭೂಮಧ್ಯರೇಖೆಯ ಬಳಿ ಇರುವುದರಿಂದ ಅಲ್ಲಿ ಋತುಭೇದ ಕಡಿಮೆ. ವರ್ಷವಿಡೀ ಸೆಕೆ, ವರ್ಷವಿಡೀ ಮಳೆ. ತಣ್ಣಗಿನ ದೇಶವೆಂದು ಹೆಸರಾದ ಇಂಗ್ಲೆಂಡಿನಲ್ಲಿಯೂ 2022ರ ಜುಲೈ 19ರಂದು ತಾಪಮಾನ 40 ಡಿಗ್ರಿ ದಾಟಿತ್ತು. ಅಲ್ಲಿಯ ಎಷ್ಟೋ ಮನೆಗಳಲ್ಲಿ ಸೀಲಿಂಗ್ ಫ್ಯಾನು ಕೂಡ ಇರುವುದಿಲ್ಲ. ಹೊರಡುವ ವಾರದ ಹವಾಮಾನವನ್ನು ಮಕ್ಕಳಿಂದ ಕೇಳಿಯೇ ಪೆಟ್ಟಿಗೆಯ ಕೊನೆಯ ಬೀಗ ಹಾಕಬೇಕು.

ತಿನಿಸಿನ ಗಂಟು

ಇಲ್ಲಿಯೇ ತಾಯಂದಿರ ಮನಸ್ಸು ಸೋಲುವುದು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಇವು ಹಗುರ, ಕೆಡದಂಥವು, ಮಕ್ಕಳು ಬಾಯಿಬಿಟ್ಟು ಕೇಳುವಂಥವು. ರೊಟ್ಟಿಯನ್ನು ಗಟ್ಟಿಯಾದ ಡಬ್ಬಿಯಲ್ಲಿ ಇಟ್ಟರೆ ಮುರಿಯದೆ ತಲುಪುತ್ತದೆ. ಆದರೆ ಕೆಲವು ನಿರ್ಬಂಧಗಳನ್ನು ತಿಳಿದಿರಲೇಬೇಕು.

ಒಣಕೊಬ್ಬರಿಯ ಗಿಟುಕನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಅದರ ಎಣ್ಣೆಯಂಶದಿಂದ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ ಅದು ಅಪಾಯಕಾರಿ ಸಾಮಾನುಗಳ ಪಟ್ಟಿಯಲ್ಲಿದೆ. ಬಾಣಂತಿಯ ಅಂಟಿನುಂಡೆಗೆಂದು ಕೊಬ್ಬರಿ ಕಟ್ಟಿಕೊಂಡು ಹೋಗಿ ನಿಲ್ದಾಣದಲ್ಲಿ ತೆಗೆದಿಟ್ಟು ಬಂದವರುಂಟು. ಕರ್ಪೂರಕ್ಕೂ ಬೆಂಕಿಪೊಟ್ಟಣದ ಪೆಟ್ಟಿಗೆಗೂ ಹೀಗೆಯೇ ನಿಷೇಧವಿದೆ. ಗಸಗಸೆ ನಮ್ಮಲ್ಲಿ ಉಂಡೆಗೂ ಪಾಯಸಕ್ಕೂ ಬಳಸುವ ಸಾಮಾನ್ಯ ಪದಾರ್ಥ. ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸಿಂಗಾಪುರದಲ್ಲಿಯೂ ಅದು ಮಾದಕ ವಸ್ತುವಿನ ಕಾನೂನಿಗೆ ಒಳಪಟ್ಟದ್ದು. ಚಿಟಿಕೆಯಷ್ಟಿದ್ದರೂ ಸೆರೆಮನೆಯ ಭಯವಿದೆ. ದುಬೈ ಮಾರ್ಗವಾಗಿ ಬೇರೆ ದೇಶಕ್ಕೆ ಹೋಗುವವರೂ ಅದನ್ನು ಮುಟ್ಟಬಾರದು.

ಅಮೆರಿಕಕ್ಕೆ ತಾಜಾ ಹಣ್ಣು, ತರಕಾರಿ, ಎಲೆ, ಬಿತ್ತುವ ಬೀಜ, ಮಣ್ಣು ಒಯ್ಯುವಂತಿಲ್ಲ. ನಮ್ಮ ದೇಶದ ಅಕ್ಕಿಯನ್ನೂ ಒಂದು ಬಗೆಯ ಹುಳುವಿನ ಭಯದಿಂದ ಪ್ರಯಾಣಿಕರ ಗಂಟಿನಲ್ಲಿ ಬಿಡುವುದಿಲ್ಲ. ಅಳವಿಯನ್ನು ಹುರಿದು ಉಂಡೆ ಕಟ್ಟಿ ಒಯ್ಯಬೇಕು. ಮೊಳೆಯಬಲ್ಲ ಬೀಜವಾಗಿ ಒಯ್ದರೆ ಪ್ರಶ್ನೆಗಳೇಳುತ್ತವೆ. ಬ್ರಿಟನ್ನಿಗೆ ಹಾಲಿನಿಂದಾದ ಪದಾರ್ಥಗಳನ್ನು ಇಲ್ಲಿಂದ ಒಯ್ಯುವಂತಿಲ್ಲವಾದ್ದರಿಂದ ಧಾರವಾಡ ಪೇಢೆಯ ಡಬ್ಬಿಯನ್ನು ಇಲ್ಲಿಯೇ ಬಿಡಬೇಕು. ಆಸ್ಟ್ರೇಲಿಯಾದ ತಪಾಸಣೆ ಎಲ್ಲಕ್ಕಿಂತ ಬಿಗಿ. ಎಲ್ಲಿಗೇ ಹೋಗಲಿ, ಗಂಟಿನಲ್ಲಿ ತಿನಿಸಿದೆಯೇ ಎಂದು ಕೇಳಿದರೆ ಇದೆಯೆಂದು ನಿಜ ಹೇಳಬೇಕು. ನಿಜ ಹೇಳಿದವರ ಡಬ್ಬಿಯೊಂದು ಹೋದೀತು. ಮುಚ್ಚಿಟ್ಟವರಿಗೆ ದಂಡ ಬೀಳುತ್ತದೆ.

ವಿಮಾನದ ಊಟದ ವಿಷಯದಲ್ಲಿ ನಮ್ಮ ಮನೆಗಳವರು ತಿಳಿಯಬೇಕಾದ ಒಂದು ಮುಖ್ಯ ಮಾತಿದೆ. ಹಲವು ವಿಮಾನಗಳಲ್ಲಿ "ಹಿಂದೂ ಊಟ" ಎಂದು ಬರೆಯಿಸಿದರೆ ಅದರಲ್ಲಿ ಮಾಂಸವಿರಬಹುದು. ಗೋಮಾಂಸವಿಲ್ಲವೆಂಬುದಷ್ಟೇ ಅದರ ಅರ್ಥ. ಶಾಕಾಹಾರಿಗಳು "ಏಷಿಯನ್ ವೆಜಿಟೇರಿಯನ್" ಎಂದು ಸ್ಪಷ್ಟವಾಗಿ, ಪ್ರಯಾಣಕ್ಕೆ ಎರಡು ದಿನ ಮೊದಲೇ ಮಕ್ಕಳಿಂದ ಬರೆಯಿಸಬೇಕು. ಹಾಗಿದ್ದರೂ ಎರಡು ಹೊತ್ತಿಗಾಗುವಷ್ಟು ಚಪಾತಿ, ಚಟ್ನಿ ಪುಡಿ ಕೈಚೀಲದಲ್ಲಿರಲಿ. ಉಳಿದದ್ದನ್ನು ಇಳಿಯುವ ಮುನ್ನ ತಿಂದು ಮುಗಿಸಬೇಕು.

ಕೈಚೀಲವೇ ಪ್ರಾಣ

ದೊಡ್ಡ ಪೆಟ್ಟಿಗೆ ತಪ್ಪಿದರೂ ಒಂದು ವಾರ ಬದುಕುವಂತೆ ಕೈಚೀಲವನ್ನು ಕಟ್ಟಬೇಕು. ಅದರ ತೂಕ ಸಾಮಾನ್ಯವಾಗಿ 7 ಅಥವಾ 8 ಕಿಲೋ. ಎಲ್ಲ ಔಷಧಿಗಳು, ಅವುಗಳ ಮೂಲ ಪೊಟ್ಟಣದಲ್ಲಿಯೇ. ವೈದ್ಯರ ಚೀಟಿ, ಔಷಧಿಯ ಕಂಪನಿ ಹೆಸರಿನೊಡನೆ ಮೂಲ ಹೆಸರನ್ನೂ ಬರೆಯಿಸಿ. ಮೂಲ ಹೆಸರೂ ದೇಶಕ್ಕೆ ತಕ್ಕಂತೆ ಬದಲಾಗುವುದುಂಟು. ನಮ್ಮ ಪ್ಯಾರಾಸಿಟಮಾಲನ್ನು ಅಮೆರಿಕದಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಆದುದರಿಂದ ಅದನ್ನು ಸರಕಿನ ಪೆಟ್ಟಿಗೆಯಲ್ಲಿ ಎಂದೂ ಇಡಬಾರದು. ಅಮೆರಿಕಕ್ಕೆ ಸಾಮಾನ್ಯವಾಗಿ 90 ದಿನಗಳ ಔಷಧಿಯನ್ನು ಒಯ್ಯಬಹುದು. ಅದಕ್ಕಿಂತ ಹೆಚ್ಚು ಕಾಲ ಇರುವವರು ಮುಂದಿನ ಏರ್ಪಾಡನ್ನು ಹೊರಡುವ ಮೊದಲೇ ತಮ್ಮ ವೈದ್ಯರೊಡನೆ ಮಾತನಾಡಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ಕೆಲವು ನೋವಿನ ಮಾತ್ರೆಗಳಿಗೂ ನಿದ್ರೆಯ ಮಾತ್ರೆಗಳಿಗೂ ಮುಂಚಿತ ಅನುಮತಿ ಬೇಕಾಗುತ್ತದೆ.

ಎರಡನೆಯ ಜೊತೆ ಕನ್ನಡಕ, ಪಾಸ್‌ಪೋರ್ಟು, ವಿಮೆಯ ಕಾಗದ, ಮಕ್ಕಳ ವಿಳಾಸ ಮತ್ತು ಫೋನ್ ಸಂಖ್ಯೆ ಇಂಗ್ಲಿಷಿನಲ್ಲಿ ಬರೆದ ಚೀಟಿ, ಒಂದು ಜೊತೆ ಬಟ್ಟೆ, ಒಂದು ಸ್ವೆಟರು ಕೈಚೀಲದಲ್ಲಿರಬೇಕು. ಫೋನಿನ ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಒಯ್ಯಬೇಕು, ಸರಕಿನಲ್ಲಿ ಹಾಕುವಂತಿಲ್ಲ. ಎಣ್ಣೆ, ತುಪ್ಪ, ಉಪ್ಪಿನಕಾಯಿಗಳಾದರೋ ಕೈಚೀಲಕ್ಕೆ ಸಲ್ಲವು. ದ್ರವ ಪದಾರ್ಥ 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯಲ್ಲಿದ್ದರೆ ತೆಗೆದಿಡುತ್ತಾರೆ. ದೊಡ್ಡ ಪೆಟ್ಟಿಗೆಗಳಲ್ಲಿ ಗಂಡನದೊಂದು, ಹೆಂಡತಿಯದೊಂದು ಎಂದು ಮಾಡದೆ ಇಬ್ಬರ ಬಟ್ಟೆಗಳನ್ನೂ ಎರಡರಲ್ಲಿಯೂ ಹಂಚಿರಿ. ಒಂದು ತಪ್ಪಿದರೂ ಇಬ್ಬರಿಗೂ ಉಡಲು ಉಳಿಯುತ್ತದೆ. ಮಿಕ್ಸರು, ಗ್ರೈಂಡರುಗಳನ್ನು ಅಮೆರಿಕಕ್ಕೆ ಹೊರಬೇಡಿರಿ. ಅಲ್ಲಿಯ ವಿದ್ಯುತ್ತು 120 ವೋಲ್ಟು, ನಮ್ಮದು 230. ಇಲ್ಲಿಯ ಯಂತ್ರ ಅಲ್ಲಿ ಸರಿಯಾಗಿ ತಿರುಗದು.

ಪೂಜೆಯ ಸಾಮಾನು

ಇಷ್ಟಲಿಂಗವು ಅಂಗದ ಮೇಲಿರುವುದೇ ಹೊರತು ಪೆಟ್ಟಿಗೆಯಲ್ಲಿಡುವ ವಸ್ತುವಲ್ಲ. ಬೆಳ್ಳಿಯ ಕರಡಿಗೆ ತಪಾಸಣೆಯ ಯಂತ್ರದಲ್ಲಿ ಸದ್ದು ಮಾಡುತ್ತದೆ. ಪ್ರಯಾಣದ ಮಟ್ಟಿಗೆ ವಸ್ತ್ರದಲ್ಲಿ ಕಟ್ಟಿ ಧರಿಸಿದರೆ ಆ ತೊಡಕು ಕಡಿಮೆಯಾಗುತ್ತದೆ. ಆದರೂ ಕೇಳಿದರೆ ಅಂಜದೆ, ಇದು ನಮ್ಮ ಧರ್ಮದ ಕುರುಹು ಎಂದು ಶಾಂತವಾಗಿ ಹೇಳಬೇಕು. ಅಮೆರಿಕದ ನಿಲ್ದಾಣಗಳಲ್ಲಿ ಎಲ್ಲರ ಮುಂದೆ ಬೇಡ, ಪ್ರತ್ಯೇಕ ಕೋಣೆಯಲ್ಲಿ ಪರೀಕ್ಷಿಸಿರಿ ಎಂದು ಕೇಳುವ ಅವಕಾಶವಿದೆ. ವಿಭೂತಿಯನ್ನು ಪುಡಿಯಾಗಿ ಒಯ್ಯದೆ ಗಟ್ಟಿಯಾಗಿ ಒಯ್ಯುವುದು ಉತ್ತಮ. 2018ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳ ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಪದಾರ್ಥಕ್ಕೆ ಕಟ್ಟುಪಾಡಿದೆ. ಎರಡು ಗಟ್ಟಿ ಇದ್ದರೆ ಆರು ತಿಂಗಳಿಗೂ ಸಾಲುತ್ತದೆ. ಬಿಲ್ವಪತ್ರೆಯನ್ನು ಒಯ್ಯುವಂತಿಲ್ಲ. ಅದಕ್ಕಾಗಿ ಚಿಂತಿಸಬೇಡಿರಿ, ಪತ್ರೆಯಿಲ್ಲದ ನಾಡಿನಲ್ಲಿ ನೀರು, ವಿಭೂತಿ, ಏಕಾಗ್ರವಾದ ಮನಸ್ಸು ಇವೇ ಸಾಕು.

ಬಾಣಂತಿಗೂ ಕೂಸಿಗೂ ಹೊಗೆ ಹಾಕಲು ಲೋಬಾನ ಒಯ್ಯುವ ತಾಯಂದಿರಿಗೆ ಒಂದು ಮಾತು. ಅಲ್ಲಿಯ ಮನೆಗಳು ಬಹುಪಾಲು ಕಟ್ಟಿಗೆಯವು, ಮಾಳಿಗೆಯಲ್ಲಿ ಹೊಗೆಯನ್ನು ಕಂಡುಹಿಡಿಯುವ ಯಂತ್ರವಿರುತ್ತದೆ. ನಮ್ಮ ಮನೆಯವರು ಒಂದು ದಿನ ಧೂಪ ಹಾಕಿದಾಗ ಆ ಯಂತ್ರ ಕೂಗಿಕೊಂಡು ಕೂಸು ಬೆದರಿ ಅತ್ತಿತು. ಅಂದಿನಿಂದ ಲೋಬಾನದ ಪೊಟ್ಟಣ ಕಪಾಟಿನಲ್ಲಿಯೇ ಉಳಿಯಿತು.

ಪರರ ಗಂಟು ಬೇಡ

ಹೊರಡುವ ವಾರ ನೆರೆಯವರು "ನಮ್ಮ ಹುಡುಗಗ ಇದೊಂದು ಪುಡಿಕಿ ಮುಟ್ಟಿಸ್ರಿ" ಎಂದು ಬರುವುದು ಸಹಜ. ಇಲ್ಲವೆನ್ನಲು ದಾಕ್ಷಿಣ್ಯ. ಆದರೆ ಹೊಲಿದ, ಅಂಟಿಸಿದ, ಒಳಗೇನಿದೆಯೆಂದು ಕಾಣದ ಯಾವ ಪುಡಿಕೆಯನ್ನೂ ತೆಗೆದುಕೊಳ್ಳಬಾರದು. ಅದರೊಳಗೆ ಗಸಗಸೆಯಿದ್ದರೂ, ನಿಷೇಧಿತ ಮಾತ್ರೆಯಿದ್ದರೂ ಉತ್ತರ ಕೊಡಬೇಕಾದವರು ಹೊತ್ತವರೇ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಕೇಳುವ ಪ್ರಶ್ನೆ ಹೀಗಿರುತ್ತದೆ: ಈ ಪೆಟ್ಟಿಗೆಯನ್ನು ಕಟ್ಟಿದವರು ನೀವೇ ತಾನೆ? ಮೊದಲ ಸಲ ಅದನ್ನು ಕೇಳಿದಾಗ ಜೋಳಿಗೆ ಎತ್ತಿ ನೋಡುತ್ತಿದ್ದ ನಮ್ಮ ಮಠದ ಹಿರಿಯರೇ ಎದುರಿಗೆ ನಿಂತಂತೆ ನಮಗೆ ಭಾಸವಾಯಿತು.

2023ರ ಮೇ ತಿಂಗಳಲ್ಲಿ ನಾವು ಎರಡನೆಯ ಸಲ ಮಗಳ ಮನೆಗೆ ಹೋದೆವು. ಈ ಸಲ ಇಬ್ಬರಿಗೆ 2 ಪೆಟ್ಟಿಗೆ, 2 ಕೈಚೀಲ. ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯವರೇ ತಮ್ಮ ಕೈಚೀಲವನ್ನು ಎತ್ತಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದು ನೋಡಿದರು. ದಮ್ಮು ಬಂದಿತೆಂದು ಒಂದು ಡಬ್ಬಿ ಚಟ್ನಿ ತೆಗೆದಿಟ್ಟರು. ಮಾತ್ರೆಯ ಪೊಟ್ಟಣವನ್ನು ತೆಗೆಯಲಿಲ್ಲ. ನಿಲ್ದಾಣದಲ್ಲಿ ನಾಲ್ಕು ವರ್ಷದ ಮೊಮ್ಮಗಳು ಓಡಿ ಬಂದಾಗ ಅವಳನ್ನು ಎತ್ತಿಕೊಳ್ಳಲು ಅಜ್ಜಿಯ ಎರಡೂ ಕೈಗಳು ಬರಿದಾಗಿದ್ದವು.

ಪರದೇಶಕ್ಕೆ ಹೊರಟ ಎಲ್ಲ ತಂದೆತಾಯಿಗಳೂ ಋತುವನ್ನು ಅರಿತು, ಹಗುರವಾದ ಗಂಟು ಕಟ್ಟಿ, ಆರೋಗ್ಯದಿಂದ ಹೋಗಿ ಸುಖವಾಗಿ ಮರಳಿ ಬರಲೆಂದು ಹಾರೈಸುತ್ತೇವೆ.